ಎಳೆದರೆ ಬಿಚ್ಚಿಕೊಳ್ಳುವ ಜಾಕೀಟು

ಅಪ್ಪನ ತಾಡಪತ್ರಿ ಅಂಗಡಿಗೆ ಬರುತ್ತಿದ್ದವರೆಲ್ಲ ಲಾರಿಯವರೇ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಆ ತಗಡಿನ ಶೆಡ್ಡಿಗೆ ಒಬ್ಬ ಹೆಂಗಸು ಗಿರಾಕಿಯಾಗಿ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ಬಿಸಿಲು ಏರುವ ಹೊತ್ತು. ಅಪ್ಪ ನೆಲದ ಮೇಲೆ ಹಾಸಿದ್ದ, ಲಾರಿಗೆ ಹೊದಿಸುವ ತಾಡಪತ್ರಿಗೆ ಹಗ್ಗ ಪೋಣಿಸುವ ಹಿತ್ತಾಳೆಯ ಕಣ್ಣು ಕೂರಿಸುತ್ತಿದ್ದರು. ನಾನು ಮಶಿನಿನ ಮುಂದೆ ಇದ್ದೆ. ಆಕೆ ಹೊಸ್ತಿಲಲ್ಲಿ ನಿಂತು, ಕೈಯಲ್ಲಿದ್ದ ಒಂದು ಹಳೆಯ ಚೀಲವನ್ನು ಮುಂದೆ ಚಾಚಿದರು. ಸಿಮೆಂಟ್ ಚೀಲವನ್ನೇ ಮಡಿಸಿ, ಹೆಗಲಿಗೆ ಹಾಕಿಕೊಳ್ಳಲು ಸೀಟ್ ಬೆಲ್ಟಿನ ತುಂಡು ಹೊಲಿದಿದ್ದ ಚೀಲ. ಅದರಿಂದ ಮೀನಿನ ವಾಸನೆ ಬರುತ್ತಿತ್ತು.

"ಇಲ್ಲಿ ದಪ್ಪ ಬಟ್ಟಿ ಹೊಲಿತಾರಂತಲ್ರಿ?"

"ಲಾರಿಗೆ ಹೊಲಿತೀವಿ, ಯವ್ವಾ," ಅಂದರು ಅಪ್ಪ, ತಲೆ ಎತ್ತದೆ. "ಮನುಷ್ಯಾರಿಗೆ ಹೊಲಿಯೋರು ಮುಂದಿನ ಓಣ್ಯಾಗ ಅದಾರ."

"ಅವರ ಹಂತ್ಯಾಕ ಹೋಗಿ ಬಂದೆ. ಅವರ ಸೂಜಿ ಇದಕ್ಕ ಮುರಿತೈತಂತ."

ಅಪ್ಪ ಸುತ್ತಿಗೆ ಕೆಳಗಿಟ್ಟರು. "ಬರ್ರಿ, ಕುಂದ್ರಿ" ಅಂದವರು ಸ್ಟೂಲನ್ನು ಕಾಲಿನಿಂದಲೇ ಆಕೆಯ ಕಡೆ ಸರಿಸಿದರು. ಅವರು ಯಾರನ್ನಾದರೂ ಒಪ್ಪಿಕೊಂಡರು ಎನ್ನುವುದಕ್ಕೆ ಅದೇ ಗುರುತು. ಇವತ್ತಿಗೂ ಆ ರಸ್ತೆಯಲ್ಲಿ ಹೋಗುವಾಗ ಆ ಸ್ಟೂಲು ಸಿಮೆಂಟು ನೆಲದ ಮೇಲೆ ಗೀಚಿದ ಸದ್ದು ನನ್ನ ಕಿವಿಯಲ್ಲಿ ಕೇಳಿದಂತಾಗುತ್ತದೆ. ಈಗ ಅಲ್ಲಿ ಟೈರಿನ ಅಂಗಡಿ ಇದೆ.

ಆಕೆ ಕಂಪ್ಲಿ ಕಡೆಯವರು. ಗಂಡ ಮೀನುಗಾರ. ಇಬ್ಬರೂ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಗುಡಿಸಲು ಹಾಕಿಕೊಂಡು ಇದ್ದರು. ಹರಿಗೋಲಿನಲ್ಲಿ ಆಕೆ ಹುಟ್ಟು ಹಾಕುವುದು, ಆತ ಬಲೆ ಬೀಸುವುದು, ಗಾಳ ಬಿಡುವುದು. ಬೇಸಗೆಯ ಕೊನೆಗೆ ಒಂದು ದಿನ ಬಲೆ ಬೀಸುವಾಗ ಆತ ಜಾರಿ ನೀರಿಗೆ ಬಿದ್ದಿದ್ದರು.

"ಈಜು ಬರ್ತೈತ್ರಿ ಅವರಿಗೆ, ಮೀನ ಇದ್ದಂಗ ಅದಾರ. ಆದ್ರ ಚೀಲದ ಪಟ್ಟಿ ಬಲಿಗೆ ಸುತ್ತಿಕೊಂತು. ಚೀಲದಾಗ ಸೀಸದ ಗುಂಡು. ಕೆಳಗ ಎಳಕೊಂಡು ಹೋತು. ನಾನು ಹುಟ್ಟು ಚಾಚಿದೆ, ಹಿಡಕೊಂಡ್ರು." ಆಕೆ ಇಷ್ಟನ್ನೂ ಚೀಲ ನೋಡುತ್ತಲೇ ಹೇಳಿದರು. "ಆವತ್ತಿನಿಂದ ನೀರಿಗೆ ಇಳಿದಿಲ್ಲ. ದಂಡ್ಯಾಗ ಕುಂತು ಹರಿದ ಬಲಿ ಹೊಲಿತಾರ. ಕೇಳಿದ್ರ ಗಾಳಿ ಐತಿ ಅಂತಾರ. ಎಲೆ ಅಲುಗಾಡದ ದಿನಾನೂ ಗಾಳಿ ಐತಿ ಅಂತಾರ."

ಆಕೆಗೆ ಬೇಕಾಗಿದ್ದದ್ದು ಹೆಗಲಿಗೆ ಜೋತುಬೀಳದ, ಮೈಗೆ ಅಂಟಿಕೊಂಡಿರುವ, ಸಿಕ್ಕಿಹಾಕಿಕೊಂಡರೆ ತಟ್ಟನೆ ಕಳಚಿಹೋಗುವ ಒಂದು ಚೀಲ. ಅದು ಇದ್ದರೆ ಗಂಡ ಮತ್ತೆ ಹರಿಗೋಲು ಹತ್ತುತ್ತಾರೆ ಎನ್ನುವುದು ಆಕೆಯ ನಂಬಿಕೆ. ಗಣಿ ಲಾರಿಗಳ ಓಡಾಟ ಆಗ ಕಡಿಮೆಯಾಗಿತ್ತು. ನಮ್ಮಲ್ಲೂ ಕೆಲಸ ಹೆಚ್ಚಿರಲಿಲ್ಲ. ನಾನು ಒಪ್ಪಿಕೊಂಡೆ. ಒಂದು ಚೀಲ ತಾನೇ, ಮಧ್ಯಾಹ್ನದೊಳಗೆ ಮುಗಿದೀತು ಅಂದುಕೊಂಡೆ.

ಮರುದಿನ ಆಕೆ ಗಂಡನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಕರೆತಂದರು. ತೆಳ್ಳಗಿನ, ಉದ್ದ ತೋಳಿನ ಮನುಷ್ಯ. ಒಳಗೆ ಬಂದವರು ಕೂರಲಿಲ್ಲ. ನಾನು ಏನೇನು ಒಯ್ಯುತ್ತೀರಿ ಎಂದು ಕೇಳಿದಾಗ ಚೀಲವನ್ನು ನೆಲಕ್ಕೆ ಸುರಿದರು. ಗಾಳದ ಕೊಕ್ಕೆಗಳ ಡಬ್ಬಿ, ದಾರದ ಉಂಡೆಗಳು, ಬೆಂಡಿನ ತುಂಡುಗಳು, ಚಾಕು, ಬಲೆ ಹೆಣೆಯುವ ಬಿದಿರಿನ ಸೂಜಿ, ಬೀಡಿ ಮತ್ತು ಬೆಂಕಿಪೊಟ್ಟಣ ಇಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ, ಕೊನೆಗೆ ಬಟ್ಟೆಯ ಗಂಟಿನಲ್ಲಿ ಸೀಸದ ಗುಂಡುಗಳು. ಆ ಬಿದಿರಿನ ಸೂಜಿ ಸವೆದು ಸವೆದು ಜೇನಿನ ಬಣ್ಣಕ್ಕೆ ತಿರುಗಿತ್ತು.

"ದುಕಾನ್ದಾಗ ಸಿಗೋ ಕೇಸರಿ ಜಾಕೀಟು ತಗೊಳ್ರಲ್ಲ" ಅಂದರು ಅಪ್ಪ. "ಹಂಪಿ ಕಡೆ ದೋಣ್ಯಾಗ ಮಂದಿಗೆ ಹಾಕಿಸ್ತಾರ."

"ಅದನ್ನ ಹಾಕ್ಕೊಂಡು ಕುಂದ್ರಬೌದ್ರಿ, ಬಲಿ ಬೀಸಾಕ ಬರಂಗಿಲ್ಲ. ತೋಳು ಮ್ಯಾಲ ಎತ್ತಿದ್ರ ಗಲ್ಲಕ್ಕ ಬಡಿತೈತಿ" ಅಂದರು ಆತ.

ಅವರ ಅಳಿಯನೊಬ್ಬ ಫೋನಿನಲ್ಲಿ ತರಿಸಿಕೊಟ್ಟಿದ್ದ ಇನ್ನೊಂದು ಜಾಕೀಟನ್ನೂ ಆಕೆ ತಂದಿದ್ದರು. ನೋಡಲು ಚೆಂದವೇ ಇತ್ತು. ಎದೆಯ ತುಂಬ ಜೇಬು, ಜೇಬಿಗೊಂದು ಜಿಪ್ಪು, ಜಿಪ್ಪಿಗೊಂದು ಲೋಹದ ನಾಲಿಗೆ, ಅಲ್ಲಲ್ಲಿ ತೂಗುಹಾಕಲು ಉಂಗುರ. ಆತ ಅದನ್ನು ತೊಟ್ಟು ಜೊತೆಗೆ ತಂದಿದ್ದ ಬಲೆಯ ತುಂಡನ್ನು ಎದೆಗೆ ಒರೆಸಿ ಎಳೆದು ತೋರಿಸಿದರು. ಪ್ರತಿ ನಾಲಿಗೆಯೂ ಬಲೆಯ ಒಂದೊಂದು ಕಣ್ಣನ್ನು ಹಿಡಿದುಕೊಂಡಿತು. ದಡದಲ್ಲಿ ಕೂತು ಗಾಳ ಹಾಕುವವರಿಗೆ ಅದು ಒಳ್ಳೆಯದಿರಬಹುದು. ಬಲೆಯವನಿಗೆ ಆಗುವುದಿಲ್ಲ.

ನಾನು ಮೊದಲು ಹೊಲಿದದ್ದು ತಾಡಪತ್ರಿಯ ಬಟ್ಟೆಯಲ್ಲೇ. ತೋಳಿಲ್ಲದ ಅಂಗಿಯ ಆಕಾರ, ಎದೆಯ ಮೇಲೆ ನಾಲ್ಕು ಜೇಬು, ಗುಂಡಿ ಇಲ್ಲದೆ ಮಡಿಕೆಯ ಮುಚ್ಚಳ. ದಾರಕ್ಕೆ ಮೇಣ ಉಜ್ಜಿ ಜೋಡಿ ಹೊಲಿಗೆ ಹಾಕಿದೆ. ಮುಗಿಸಿದಾಗ ನನಗೇ ಹೆಮ್ಮೆ ಅನಿಸಿತು. ಅಪ್ಪ ಅದನ್ನು ಎತ್ತಿ ನೋಡಿ ನೀರಿನ ಬ್ಯಾರಲ್ಲಿನಲ್ಲಿ ಅದ್ದಿ ಬಿಟ್ಟರು. ಊಟವಾದ ಮೇಲೆ ಹೊರಗೆ ತೆಗೆದು ನನ್ನ ಕೈಗೆ ಕೊಟ್ಟರು. ಒದ್ದೆ ಕಂಬಳಿಯಂತೆ ಭಾರವಾಗಿತ್ತು.

"ಲಾರಿಗೆ ಎಂಜಿನ್ನು ಇರ್ತೈತಿ," ಅಂದರು. "ಅವನಿಗೆ ಬರೇ ಎರಡು ಕೈ."

ಎರಡನೆಯದು ಸೊಂಟಕ್ಕೆ ಕಟ್ಟುವ ಚೀಲ. ತೆಳುವಾದ, ನೀರು ಹೀರದ ಬಟ್ಟೆ ತಂದು ಹೊಲಿದೆ. ಅಳತೆ ಸರಿಯಾಗಿತ್ತು, ಭಾರವೂ ಇರಲಿಲ್ಲ. ಆದರೆ ಹರಿಗೋಲಿನಲ್ಲಿ ಆತ ನಿಲ್ಲುವುದಕ್ಕಿಂತ ಮಂಡಿಯೂರಿ ಕೂರುವುದೇ ಹೆಚ್ಚು. ಅಂಗಡಿಯ ಮುಂದೆ ಕೂತು ತೋರಿಸಿದರು. ಚೀಲ ಹೊಟ್ಟೆಗೂ ತೊಡೆಗೂ ನಡುವೆ ಸಿಕ್ಕಿ ಮಡಿಸಿಕೊಂಡಿತು, ಕೊಕ್ಕೆಯ ಡಬ್ಬಿ ಪಕ್ಕೆಗೆ ಒತ್ತಿತು. ಆತ ಬಿಚ್ಚಿ ಮಡಿಸಿ ನನ್ನ ಮೇಜಿನ ಮೇಲಿಟ್ಟರು.

"ತಂಗೀ, ನಿನ್ನ ಕೆಲಸ ಛಲೋ ಐತಿ. ನಮ್ಮ ಸಲುವಾಗಿ ಯಾಕ ಇಷ್ಟು ಒದ್ದಾಡ್ತಿ? ಇರ್ಲಿ ಬಿಡು."

ಹೇಳಿದ ರೀತಿಯಲ್ಲಿ ಒಂದು ಬಿಡುಗಡೆ ಇತ್ತು. ಚೀಲ ಆಗದಿದ್ದರೆ ನೀರಿಗೆ ಇಳಿಯಬೇಕಾಗಿಲ್ಲವಲ್ಲ. ಆತನ ಹೆಂಡತಿ ರಸ್ತೆಯ ಕಡೆ ಮುಖ ತಿರುಗಿಸಿಕೊಂಡರು. ಅದನ್ನು ನೋಡಿ ಅಪ್ಪ ಮೊದಲ ಸಲ ಈ ಕೆಲಸಕ್ಕೆ ತಾವಾಗಿ ಕೈ ಹಾಕಿದರು.

ಯಶವಂತನಗರದ ಕಡೆಯಿಂದ ಬಂದ ಲಾರಿಯೊಂದು ಎದುರಿಗೆ ನಿಂತಿತ್ತು. ಕೆಂಪು ದೂಳು ಅದರ ಮೈತುಂಬ. ಅಪ್ಪ ಮೀನುಗಾರನನ್ನು ಕರೆದುಕೊಂಡು ಹೋಗಿ, ತಾಡಪತ್ರಿಯ ಅಂಚನ್ನು ಲಾರಿಯ ಕೊಕ್ಕೆಗೆ ಬಿಗಿದಿದ್ದ ಹಗ್ಗ ತೋರಿಸಿದರು. ಅದಕ್ಕೆ ಡ್ರೈವರುಗಳು ಹಾಕುವ ಗಂಟೊಂದಿದೆ. ಎಷ್ಟು ದೂರ ಓಡಿದರೂ ಸಡಿಲವಾಗುವುದಿಲ್ಲ, ಆದರೆ ಬಾಲದ ತುದಿ ಹಿಡಿದು ಒಮ್ಮೆ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಅಪ್ಪ ಎಳೆದರು. ತಾಡಪತ್ರಿ ಜಾರಿ ಕೆಳಗೆ ಬಿತ್ತು. ಚಹಾ ಕುಡಿಯುತ್ತಿದ್ದ ಡ್ರೈವರ್ "ಯಜಮಾನ್ರ, ಈಗಷ್ಟ ಕಟ್ಟೀನಿ" ಅಂತ ಗೊಣಗಿದ.

"ಅಂಗಿ ಅಂಗೀನ ಇರ್ಲಿ," ಅಪ್ಪ ನನಗೆ ಹೇಳಿದರು. "ಜೇಬೆಲ್ಲ ಬಟ್ಟಿದೊಂದು ಹಲಗಿ ಮ್ಯಾಲ ಹೊಲಿ. ಆ ಹಲಗೀನ ಎದಿಗೆ ಈ ಗಂಟಿನಾಗ ಕಟ್ಟು. ಬಲಿ ಹಿಡಕೊಂಡ್ರ ಹಲಗಿ ಹೋಗ್ಲಿ, ಮನುಷ್ಯಾ ಉಳೀತಾನ."

ಮೂರನೆಯ ಜಾಕೀಟು ಹಾಗೆ ಹುಟ್ಟಿತು. ತೆಳುವಾದ ಬಟ್ಟೆಯ ಅಂಗಿ, ಅದರ ಮುಂದೆ ಅಡ್ಡಲಾಗಿ ಒಂದು ಹಲಗೆಯಂಥ ಪಟ್ಟಿ, ಪಟ್ಟಿಯ ಮೇಲೆ ಜೇಬುಗಳು. ಜೇಬಿನ ತಳದಲ್ಲಿ ನೀರು ಸೋರಿಹೋಗಲು ಹಿತ್ತಾಳೆಯ ಕಣ್ಣು. ಕಣ್ಣಿನ ಅಂಚು ಬಲೆಗೆ ತಾಗದಂತೆ ಒಳಮುಖವಾಗಿ ಕೂರಿಸಿದೆ. ಬಲೆಯ ಹಗ್ಗ ಆತನ ಎಡ ಮಣಿಕಟ್ಟಿಗೆ ಕಟ್ಟಿರುತ್ತಿತ್ತು. ಹಾಗಾಗಿ ಗಂಟಿನ ಎಳೆಯುವ ತುದಿ ಬಲಗೈಗೆ ಸಿಗುವಂತೆ ಇಟ್ಟೆ, ಕಣ್ಣು ಮುಚ್ಚಿದ್ದರೂ ಬೆರಳಿಗೆ ತಿಳಿಯಲೆಂದು ಅದಕ್ಕೊಂದು ಮರದ ಗುಂಡು. ಆತ ಅದನ್ನು ತೊಟ್ಟು ಅಂಗಡಿಯ ಮುಂದೆ ಬಲೆ ಬೀಸಿದರು. ರಸ್ತೆಬದಿಯ ದೂಳಿನ ಮೇಲೆ ಬಲೆ ದುಂಡಗೆ ಬಿಚ್ಚಿಕೊಂಡು ಬಿತ್ತು. ಎಲ್ಲಿಯೂ ಸಿಕ್ಕಲಿಲ್ಲ. ಡ್ರೈವರುಗಳು ತಲೆದೂಗಿದರು. ಆತನ ಮುಖ ಸ್ವಲ್ಪ ಸಡಿಲವಾಯಿತು.

ಅಲ್ಲಿಗೆ ಕೊಟ್ಟು ಕಳಿಸಬಹುದಿತ್ತು. ಆದರೆ ನನಗೆ ಮನಸ್ಸಾಗಲಿಲ್ಲ. ಒಣ ನೆಲದ ಮೇಲೆ ಬಿಚ್ಚಿಕೊಂಡದ್ದು ನೀರಿನೊಳಗೆ ಬಿಚ್ಚಿಕೊಳ್ಳುತ್ತದೆಂದು ಯಾರು ಹೇಳಬೇಕು? ಲಾರಿಯ ಹಗ್ಗ ತಪ್ಪಿದರೆ ಅದಿರು ನೆನೆಯುತ್ತದೆ, ಅಷ್ಟೇ. ಇದನ್ನು ತೊಟ್ಟು ಮೊದಲು ನಾನೇ ನೀರಿಗೆ ಬೀಳುತ್ತೇನೆ, ಆಮೇಲೆ ಕೊಡುತ್ತೇನೆ ಅಂದೆ. ಅಪ್ಪ ಬೇಡವೆನ್ನಲಿಲ್ಲ. "ಹೊಳಿ ಬ್ಯಾಡ, ಮೊಸಳಿ ಅದಾವ. ಬುಕ್ಕಸಾಗರಕ್ಕ ಹೋಗೂಣು" ಅಂದರು.

ಬುಕ್ಕಸಾಗರದಲ್ಲಿ ನನ್ನ ಸೋದರತ್ತೆಯ ಮನೆ. ಅವರ ಗದ್ದೆಯ ಮಗ್ಗುಲಲ್ಲೇ ಕಾಲುವೆ ಹರಿಯುತ್ತದೆ. ತೂಬಿನ ಹತ್ತಿರ ಅದು ಅಗಲವಾಗಿ, ಎದೆಮಟ್ಟದ ನೀರು ನಿಂತಿರುತ್ತದೆ. ಚಿಕ್ಕವಳಿದ್ದಾಗ ರಜೆಗೆ ಹೋದರೆ ನಾನು ಆ ನೀರಿನಲ್ಲೇ ಬಿದ್ದಿರುತ್ತಿದ್ದೆ. ಅತ್ತೆ ನನ್ನ ಬೆನ್ನಿಗೆ ಬಾಯಿ ಮುಚ್ಚಿದ ಖಾಲಿ ಎಣ್ಣೆ ಡಬ್ಬ ಕಟ್ಟಿ, ದಂಡೆಯ ಕಲ್ಲಿನ ಮೇಲೆ ಕೂತು ಬಟ್ಟೆ ಒಗೆಯುತ್ತ ಈಜು ಕಲಿಸಿದ್ದರು. ಅವತ್ತು ನಾವು ನಾಲ್ವರೂ ಹೋದಾಗ ಭತ್ತ ತೆನೆ ಕಟ್ಟುತ್ತಿತ್ತು, ಹಸಿರು ವಾಸನೆ ದಂಡೆಯ ತುಂಬ. ಅತ್ತೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಈ ವಯಸ್ಸಿನಾಗ ನೀರಾಟ ಏನಬೇ?"

"ಕೆಲಸ ಅತ್ತಿ, ಕೆಲಸ."

"ನಿಮ್ಮಪ್ಪ ನಿನಗ ಮಾಡಬಾರದ ಕೆಲಸೆಲ್ಲ ಕಲಿಸ್ಯಾನ" ಅಂತ ಬೈಯುತ್ತಲೇ ಅತ್ತೆ ನನ್ನ ಸೀರೆ ಬಿಚ್ಚಿಸಿ ತಮ್ಮ ಮಗನ ಹಳೆಯ ಪ್ಯಾಂಟು ಕೊಟ್ಟರು.

ಜೇಬಿಗೆಲ್ಲ ಸಾಮಾನು ತುಂಬಿ, ಸೀಸದ ಗಂಟನ್ನೂ ಹಾಕಿಕೊಂಡೆ. ಪಟ್ಟಿಗೆ ಬಲೆಯ ತುದಿ ಕಟ್ಟಿ, ಇನ್ನೊಂದು ತುದಿಗೆ ಕಲ್ಲು ಕಟ್ಟಿ ತಳಕ್ಕೆ ಬಿಟ್ಟೆವು. ನಾನು ಮೀನುಗಾರ ಹೇಳಿದಂತೆ ಹಿಮ್ಮುಖವಾಗಿ ಬಿದ್ದೆ. ಬಿದ್ದ ಮೇಲೆ ಕೆಸರುಬಣ್ಣದ ಬೆಳಕು ಬಿಟ್ಟರೆ ಏನೂ ಕಾಣಲಿಲ್ಲ. ಮರದ ಗುಂಡು ಕೈಗೆ ಸಿಕ್ಕಿತು. ಎಳೆದೆ. ಬಿಚ್ಚಲಿಲ್ಲ. ಮತ್ತೆ ಎಳೆದೆ. ಗಂಟು ಕಲ್ಲಿನಂತೆ ಕೂತಿತ್ತು. ಎದೆಮಟ್ಟದ ನೀರು, ಕಾಲೂರಿ ನಿಂತರೆ ಮುಗಿಯಿತು ಎಂದು ತಲೆಗೆ ಗೊತ್ತಿತ್ತು; ಕಾಲಿಗೆ ಗೊತ್ತಾಗಲಿಲ್ಲ. ಎದೆಯ ಮೇಲಿನ ಭಾರ ನನ್ನನ್ನು ಕೆಳಗೆ ಒತ್ತುತ್ತಿತ್ತು. ಅಷ್ಟರಲ್ಲಿ ಯಾರೋ ಕಂಕುಳಿಗೆ ಕೈ ಹಾಕಿ ಮೇಲೆತ್ತಿದರು. ಮೀನುಗಾರ. ಬೇಸಗೆಯಿಂದ ನೀರಿಗೆ ಕಾಲಿಡದಿದ್ದವರು ಅಂಗಿ ಪಂಚೆ ಸಮೇತ ಹಾರಿಬಿಟ್ಟಿದ್ದರು.

ದಂಡೆಯಲ್ಲಿ ಕೂತು ಕೆಮ್ಮುತ್ತ ಗಂಟು ನೋಡಿದೆ. ತಪ್ಪು ನಾನು ಆರಿಸಿದ್ದ ಹಗ್ಗದ್ದು. ಮೆದುವಾಗಿರಲಿ ಎಂದು ಹತ್ತಿಯ ಹಗ್ಗ ಹಾಕಿದ್ದೆ. ನೀರು ಕುಡಿದು ಉಬ್ಬಿ ಬಿಗಿದುಕೊಂಡಿತ್ತು. ಲಾರಿಯವರು ಬಳಸುವುದು ನೈಲಾನು.

"ಹಗ್ಗ ಬದಲಾಯಿಸ್ತೀನಿ ಅಣ್ಣಾರ. ಆಮ್ಯಾಲ ಒಂದು ಎಳೆತಕ್ಕ ಬಿಚ್ಚತೈತಿ. ನೀವು ಎಳದ್ರ ಸಾಕು."

ಆತ ಪಂಚೆಯ ಅಂಚು ಹಿಂಡಿದರು. ಉತ್ತರ ಕೊಟ್ಟದ್ದು ಆತನ ಹೆಂಡತಿ.

"ಅವರು ಎಳೆಯಂಗಿಲ್ಲ, ತಂಗೀ."

ಎಲ್ಲರೂ ಆಕೆಯ ಕಡೆ ನೋಡಿದೆವು.

"ಆವತ್ತು ಪಟ್ಟಿ ತಲಿ ಮ್ಯಾಲಿಂದ ತೆಗೀಬೌದಿತ್ತು. ನಾನು ಕಣ್ಣಾರೆ ನೋಡೀನಿ, ಕೈ ಖಾಲಿ ಇತ್ತು. ತೆಗೀಲಿಲ್ಲ. ಚೀಲಾನ ಎದಿಗೆ ಅವುಚಿಕೊಂಡು ಮುಳುಗಿದ್ರು."

ಮೀನುಗಾರ ಹುಲ್ಲು ಕೀಳುತ್ತ ಕೂತಿದ್ದರು. ಕಿತ್ತದ್ದನ್ನು ನೀರಿಗೆ ಎಸೆದು ಅಂದರು: "ಚೀಲದಾಗಿನ ಆ ಬಿದಿರಿನ ಸೂಜಿ ನಮ್ಮಪ್ಪಂದು. ಹಿನ್ನೀರಿನ ತಳಕ್ಕ ಹೋದದ್ದು ತಿರುಗಿ ಬರಂಗಿಲ್ಲ." ಆಮೇಲೆ ಇನ್ನೂ ಮೆಲ್ಲಗೆ, "ಬಿಡಬೇಕು ಅಂತ ಗೊತ್ತಿತ್ತು. ಕೈ ಬಿಡಲಿಲ್ಲ. ಈಗ ನನಗ ನೀರಿನ ಅಂಜಿಕಿ ಇಲ್ಲ. ನನ್ನ ಕೈದ ಅಂಜಿಕಿ."

ಅಪ್ಪ ಬೀಡಿ ಹಚ್ಚಿ ಆತನಿಗೂ ಒಂದು ಕೊಟ್ಟರು. ನಾನು ಅಷ್ಟು ದಿನ ಗಂಟಿನ ಬಗ್ಗೆ, ಬಟ್ಟೆಯ ಬಗ್ಗೆ ಯೋಚಿಸಿದ್ದೆ. ಕೈ ಯಾಕೆ ಬಿಡುವುದಿಲ್ಲ ಎಂದು ಯೋಚಿಸಿರಲಿಲ್ಲ. ಬಿಟ್ಟರೆ ಮುಳುಗಿಹೋಗುವುದನ್ನು ಯಾವ ಗಂಟೂ ಬಿಡಿಸಲಾರದು. ಬಿಟ್ಟರೂ ಕಳೆದುಹೋಗುವುದಿಲ್ಲ ಅನ್ನುವಂತಿದ್ದರೆ?

ಕಾಲುವೆಯ ನೀರು ನೋಡುತ್ತ ಕೂತಿದ್ದ ನಾನು ಆಗ ನಿರ್ಧರಿಸಿದೆ. ಪಟ್ಟಿ ತೇಲಬೇಕು.

ಅದಕ್ಕೆ ಮೊದಲು ಸೀಸ ಹೊರಗೆ ಹೋಗಬೇಕಿತ್ತು. ಸೀಸದ ಗಂಟನ್ನು ಮೈಮೇಲೆ ಹೊರುವಂತಿಲ್ಲ, ಹರಿಗೋಲಿನ ಅಂಚಿಗೆ ಒಂದು ಚೀಲ ಹೊಲಿದುಕೊಡುತ್ತೇನೆ, ಅದರಲ್ಲಿರಲಿ ಅಂದೆ. ಆತ ಒಪ್ಪಲಿಲ್ಲ. ಗಾಳ ಕಟ್ಟುವಾಗ ಬಗ್ಗಿ ಬಗ್ಗಿ ತೆಗೆಯಬೇಕು, ಹರಿಗೋಲು ವಾಲುತ್ತದೆ ಎಂದರು. ಆತನ ಹೆಂಡತಿ "ನಾನು ಎತ್ತಿ ಕೊಡ್ತೀನಿ, ನನ್ನ ಕೈ ಏನು ಸವೀತಾವೇನು?" ಅಂದ ಮೇಲೆ ಒಪ್ಪಿದರು.

ತೇಲಿಸುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಅಂಗಡಿಯಲ್ಲಿ ಲಾರಿ ಸೀಟಿಗೆ ಹಾಕುವ ಸ್ಪಂಜು ಇತ್ತು. ಅದನ್ನೇ ಪಟ್ಟಿಯ ಒಳಗಿಟ್ಟು ಹೊಲಿದೆ. ಬ್ಯಾರಲ್ಲಿಗೆ ಬಿಟ್ಟಾಗ ಮೊದಲು ತೇಲಿತು. ನಾನು ಅಪ್ಪನನ್ನು ಕೂಗಿ ಕರೆದು ತೋರಿಸುವಷ್ಟರಲ್ಲಿ ಒಂದು ಮೂಲೆ ತಗ್ಗಿತು, ಆಮೇಲೆ ಪೂರ್ತಿ ತಳ ಸೇರಿತು. ಸ್ಪಂಜು ನೀರು ಕುಡಿಯುತ್ತದೆ ಎನ್ನುವುದು ಪಾತ್ರೆ ತೊಳೆಯುವ ಯಾರಿಗೂ ಗೊತ್ತಿರುವ ವಿಷಯ. ಅಪ್ಪ ನಕ್ಕರು. ನನಗೂ ನಗು ಬಂತು. ನಗುವಾಗ ಅವರು ಮೂಗಿನ ಮೇಲಿನ ಕನ್ನಡಕ ಹಿಡಿದುಕೊಳ್ಳುತ್ತಿದ್ದರು, ಬಿದ್ದುಹೋದೀತೆಂದು.

ಥರ್ಮಾಕೋಲು ಇಟ್ಟರೆ ಬಗ್ಗುವಾಗ ಮುರಿಯಿತು. ಕೊನೆಗೆ ದಾರಿ ಸಿಕ್ಕಿದ್ದು ಬಲೆಯಲ್ಲೇ. ಆತನ ಬಲೆಯೊಂದರ ಅಂಚಿಗೆ ಹಳೆಯ ಹವಾಯಿ ಚಪ್ಪಲಿಯನ್ನು ಕತ್ತರಿಸಿ ಬೆಂಡಿನ ಬದಲು ಕಟ್ಟಿದ್ದರು. ಆ ರಬ್ಬರು ಬಗ್ಗುತ್ತದೆ, ನೀರು ಹೀರುವುದಿಲ್ಲ. ಕಂಪ್ಲಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರ ಹತ್ತಿರ ಕತ್ತರಿಸದ ಹಾಳೆಯೇ ಸಿಕ್ಕಿತು. ಒಂದೇ ಹಾಳೆ ಇಟ್ಟರೆ ಎದೆಗೆ ಬಿರುಸಾಗುತ್ತದೆಂದು ಉದ್ದುದ್ದ ಸೀಳುಗಳಾಗಿ ಕತ್ತರಿಸಿ, ಪ್ರತಿ ಸೀಳಿಗೂ ಪಟ್ಟಿಯೊಳಗೆ ಒಂದೊಂದು ಮನೆ ಹೊಲಿದೆ. ದಪ್ಪ ಬಟ್ಟೆ, ದಪ್ಪ ರಬ್ಬರು. ಮಶಿನಿನ ಚಕ್ರವನ್ನು ಅಪ್ಪ ಕೈಯಿಂದ ತಿರುಗಿಸಿದರು, ನಾನು ಬಟ್ಟೆ ನಡೆಸಿದೆ. ಬಿದಿರಿನ ಸೂಜಿಗೆ ಬೇರೆಯದೇ ಜೇಬು, ಮೇಲೆ ಮುಚ್ಚಳ. ಹಗ್ಗ ನೈಲಾನಿನದು.

ಮತ್ತೆ ಬುಕ್ಕಸಾಗರ, ಮತ್ತೆ ಅತ್ತೆಯ ಬೈಗುಳ. ಈ ಸಲ ಮರದ ಗುಂಡು ಎಳೆದೊಡನೆ ಎದೆ ಹಗುರಾಯಿತು. ನಾನು ಮೇಲೆ ಬಂದಾಗ ಪಟ್ಟಿ ನನಗಿಂತ ಮೊದಲೇ ಮೇಲಿತ್ತು. ಮೀನುಗಾರ ದಂಡೆಯಿಂದ ಅದನ್ನೇ ನೋಡುತ್ತಿದ್ದರು. ತೇಲಿ ತೇಲಿ ತೂಬಿನ ಕಲ್ಲಿಗೆ ತಾಗಿ ನಿಂತಿತು. ಆತ ಇಳಿದು ತೆಗೆದುಕೊಂಡು, ಜೇಬಿನ ಮುಚ್ಚಳ ಎತ್ತಿ ಸೂಜಿ ಇದೆಯೇ ಎಂದು ಬೆರಳಾಡಿಸಿದರು. ಆಮೇಲೆ ಅದನ್ನು ತಾವೇ ಕಟ್ಟಿಕೊಂಡು ನೀರಿಗೆ ಬಿದ್ದರು, ಎಳೆದರು, ಎದ್ದರು, ಮತ್ತೆ ಕಟ್ಟಿಕೊಂಡು ಮತ್ತೆ ಬಿದ್ದರು. ಅಪ್ಪ "ಸಾಕು ಬಿಡಪ್ಪಾ, ಗಂಟು ಸವೀತೈತಿ" ಅನ್ನುವವರೆಗೂ ಹಾಗೇ ಮಾಡುತ್ತಿದ್ದರು. ಗಂಟಿಗಿಂತ ಹೆಚ್ಚಾಗಿ ಆತ ತಮ್ಮ ಕೈಯನ್ನು ಪರೀಕ್ಷೆ ಮಾಡುತ್ತಿದ್ದಾರೆಂದು ನನಗೆ ಅನಿಸಿತು.

ಜಾಕೀಟು ಒಯ್ದ ವಾರದಲ್ಲೇ ಆತ ಹರಿಗೋಲು ಹತ್ತಿದರೆಂದು ಸುದ್ದಿ ಬಂತು. ಮೆಟ್ರಿಯ ಲಾರಿ ಡ್ರೈವರೊಬ್ಬ ಹಿನ್ನೀರಿನ ದಂಡೆಯಲ್ಲಿ ಮೀನು ಕೊಳ್ಳಲು ನಿಂತಾಗ ನೋಡಿದ್ದನಂತೆ. "ಎದಿ ಮ್ಯಾಲ ನಿಮ್ಮ ತಾಡಪತ್ರಿ ಇತ್ತು ಯಜಮಾನ್ರ" ಅಂದ. ಅಪ್ಪ ಆ ಮಾತನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿದರು.

ಮುಂದಿನ ಆಷಾಢದ ಗಾಳಿಯಲ್ಲಿ ಹರಿಗೋಲು ಗಿರಕಿ ಹೊಡೆದು ಒಂದು ಬದಿಗೆ ವಾಲಿತು. ಅದನ್ನು ನಮಗೆ ತಿಳಿಸಿದ್ದು ಮೀನುಗಾರನೇ. ಅಂಗಡಿಗೆ ಬಂದು, ಈ ಸಲ ತಾವಾಗಿಯೇ ಸ್ಟೂಲು ಎಳೆದುಕೊಂಡು ಕೂತರು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಬಲೆ ನೀರಿನಡಿಯ ಹಳೆಯ ಮರದ ಬೊಡ್ಡೆಗೆ ಸಿಕ್ಕಿತ್ತು, ಬಲೆ ಪಟ್ಟಿಯನ್ನು ಹಿಡಿದಿತ್ತು. ಆತ ಬಿದ್ದರು.

"ಎಳದ್ರೇನು?" ಅಂದರು ಅಪ್ಪ.

"ಎಳದೆ. ಮಣಿಕಟ್ಟಿನ ಬಲಿ ಹಗ್ಗಾನೂ ಕಳಚಿ ಬಿಟ್ಟೆ." ಆತ ಪಟ್ಟಿಯನ್ನು ಅಪ್ಪನ ಮುಂದೆ ಇಟ್ಟರು. ಒಂದು ಜೇಬು ಹರಿದಿತ್ತು, ಉಳಿದದ್ದೆಲ್ಲ ನೆಟ್ಟಗಿತ್ತು. "ಗಾಳಿ ನಿಂತ ಮ್ಯಾಲ ದಂಡ್ಯಾಗ ಸಿಕ್ತು. ಅದರ ಸಲುವಾಗಿ ಬಂದಿಲ್ಲ ನಾನು. ಇವಳ ಅಳತಿ ತಗೋಬೇಕು."

ಆಕೆ ಸೆರಗು ಎಳೆದುಕೊಂಡು "ನನಗ್ಯಾಕ? ನನ್ನ ಹಂತ್ಯಾಕ ಇಡಾಕ ಏನೈತಿ?" ಅಂದರು.

"ನಾನು ಮ್ಯಾಲ ಬಂದಾಗ ಇವಳು ಹರಿಗೋಲಿನ ಅಂಚು ಹಿಡಕೊಂಡು ಅರ್ಧ ನೀರಾಗ ಇದ್ಲು," ಆತ ಅಪ್ಪನಿಗೆ ಹೇಳಿದರು. "ಇಷ್ಟು ವರ್ಷ ನನ್ನ ಜೋಡಿ ನೀರಿನ ಮ್ಯಾಲ ಅದಾಳ. ಇವಳಿಗೆ ಈಜು ಬರಂಗಿಲ್ಲ. ನನಗ ಗೊತ್ತಿತ್ತು, ಯಜಮಾನ್ರ. ಗೊತ್ತಿದ್ದೂ ಒಂದು ದಿನಾನೂ ಅದರ ವಿಚಾರ ಮಾಡಿರಲಿಲ್ಲ."

ನಾನು ಆಕೆಯನ್ನೇ ನೋಡಿದೆ. ಕಾಲುವೆಯ ದಂಡೆಯಲ್ಲಿ ಎರಡೂ ಸಲ ಆಕೆ ನೀರಿನಿಂದ ದೂರ, ಅತ್ತೆಯ ಪಕ್ಕದಲ್ಲಿ ನಿಂತಿದ್ದದ್ದು ನೆನಪಾಯಿತು. ಹೊಸಪೇಟೆಯ ಓಣಿ ಓಣಿ ಸುತ್ತಿ ಗಂಡನಿಗೆ ಚೀಲ ಹೊಲಿಸಿದ ಹೆಂಗಸು ತನ್ನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

"ಇವಳದಕ್ಕ ಜೇಬು ಬ್ಯಾಡ," ಅಂದರು ಮೀನುಗಾರ. "ಗಂಟೂ ಬ್ಯಾಡ. ತೇಲಿದ್ರ ಸಾಕು."

ಅಪ್ಪ ಟೇಪನ್ನು ನನ್ನ ಕೈಗೆ ಕೊಟ್ಟು ತಾವು ರಬ್ಬರಿನ ಹಾಳೆ ಹಾಸಿಕೊಂಡರು. ಹುಟ್ಟು ಹಾಕುವಾಗ ಕಂಕುಳು ಉಜ್ಜದಂತೆ ತೋಳಿನ ಸುತ್ತ ಎಷ್ಟು ಬಿಡಬೇಕೆಂದು ಆಕೆಯಿಂದ ಗಾಳಿಯಲ್ಲೇ ಹುಟ್ಟು ಹಾಕಿಸಿ ನೋಡಿದರು. ಎದೆಗೂ ಬೆನ್ನಿಗೂ ಎರಡೆರಡು ಪದರ ರಬ್ಬರು. ನಾನು ಗೆರೆ ಹಾಕಿದೆ, ಕತ್ತರಿ ಹಿಡಿದದ್ದು ಅಪ್ಪನೇ. ಆ ಚಳಿಗಾಲದ ಹೊತ್ತಿಗೆ ಅವರ ಕೈ ನಡುಗಲು ಶುರುವಾಗಿ ಕತ್ತರಿ ನನ್ನ ಪಾಲಿಗೆ ಬಂತು. ಹಾಗಾಗಿ ಆ ದಿನ ನನಗೆ ಅಷ್ಟು ಚೆನ್ನಾಗಿ ನೆನಪಿದೆ. ಅವರು ನಾಲಿಗೆ ಹಲ್ಲಿಗೆ ಒತ್ತಿಕೊಂಡು, ಗೆರೆಯ ಮೇಲೆ ಒಂದು ಕೂದಲೂ ಆಚೀಚೆ ಹೋಗದಂತೆ ಕತ್ತರಿಸಿದರು.

ಸಂಜೆಗೆ ಮುಗಿಯಿತು. ಬ್ಯಾರಲ್ಲಿನಲ್ಲಿ ಒತ್ತಿ ಒತ್ತಿ ನೋಡಿದೆವು, ಪ್ರತಿ ಸಲವೂ ಪುಟಿದು ಮೇಲೆ ಬಂತು. ಒರೆಸಿ ಕೊಟ್ಟಾಗ ಆಕೆ ಸೀರೆಯ ಮೇಲೇ ತೊಟ್ಟುಕೊಂಡು, ಕನ್ನಡಿ ಇಲ್ಲದ್ದರಿಂದ ನಿಂತಿದ್ದ ಲಾರಿಯ ಕಿಟಕಿಯ ಗಾಜಿನಲ್ಲಿ ನೋಡಿಕೊಂಡರು. ಹಿಂದಕ್ಕೆ ತಿರುಗಿ, ಬೆನ್ನನ್ನೂ ನೋಡಿಕೊಂಡರು. ಮೀನುಗಾರ ಮೊಪೆಡ್ ಚಾಲೂ ಮಾಡಿ ಕಾಯುತ್ತಿದ್ದರು.

"ಇಲ್ಲಿ ಎಲ್ಲೈತಿ ನೀರು? ತೆಗದು ಚೀಲದಾಗ ಇಡು."

"ಇರ್ಲಿ ಬಿಡ್ರಿ," ಅಂದು ಆಕೆ ಹಾಗೇ ಹಿಂದೆ ಹತ್ತಿ ಕೂತರು.

ಅದಿರಿನ ಲಾರಿಗಳ ನಡುವೆ, ಕೆಂಪು ದೂಳಿನಲ್ಲಿ ಮೊಪೆಡ್ ಹೋಯಿತು. ಅಪ್ಪ ಅಂಗಡಿಯ ಮುಂದೆ ನಿಂತು, ಅವರು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದರು.